ಕುಗ್ಗುಸಕ್ಕರೆ

ಬೆಳಿಗ್ಗೆ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿಯ ಚುಕ್ಕಿ ಇಡುತ್ತಿದ್ದೆ. ಒಂಬತ್ತು ಚುಕ್ಕಿಯ ಸಾಲು. ಕೈಗೆ ರೂಢಿಯಾದದ್ದು, ನೋಡಿಕೊಂಡು ಇಡಬೇಕಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದರಿಂದ ಕಿವಿ ಒಳಗಿತ್ತು, ಕೈ ಮಾತ್ರ ಹೊರಗೆ ಓಡುತ್ತಿತ್ತು. ಎಂಟನೆಯ ಚುಕ್ಕಿ ಚರಂಡಿಯ ಅಂಚುಕಲ್ಲಿನ ಮೇಲೆ ಬಿತ್ತು. ಒಂಬತ್ತನೆಯದು ಚರಂಡಿಯ ನೀರಿಗೇ ಬಿತ್ತು.

ಪುಡಿ ಹಿಡಿದ ಬೆರಳು ಹಾಗೇ ನಿಂತವು. ನಿನ್ನೆ ಇದೇ ಬಾಗಿಲಲ್ಲಿ ಒಂಬತ್ತೂ ಹಿಡಿಸಿದ್ದವು.

"ಅತ್ತೇ, ನಮ್ಮ ಸಾಲನ್ನ ಮತ್ತೆ ಮಾರಿದಾರೆ" ಎಂದು ಒಳಗೆ ಕೇಳುವಂತೆ ಕೂಗಿದೆ.

"ನಂಗೆ ಆಗ್ಲೇ ಗೊತ್ತಾತು ಕಣವ್ವಾ" ಎಂದರು ಅತ್ತೆ ಮಂಚದ ಮೇಲಿಂದಲೇ. "ನಿನ್ನೆ ಸಂಜೆ ನೀ ನಲ್ಲಿಗೆ ಹೋದಾಗ ಗೋಡೆ ಬಂದು ಕಾಲಿಗೆ ತಾಗ್ತು. ನೀ ಹಾಲು ನೋಡು."

ನಾನು ಹೋಗಿ ನೋಡುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತ್ತು.

ನಮ್ಮೂರಲ್ಲಿ ಜಾಗವನ್ನು ಒಮ್ಮೆ ಮಾರಿದರೆ ಅದು ಒಂದು ಗೇಣು ಕುಗ್ಗುತ್ತದೆ. ನೆಲದ ಜೊತೆಗೆ ಗೋಡೆಗಳೂ ಒಳಕ್ಕೆ ಬರುತ್ತವೆ. ಮಂಚ, ಬೀರು, ಮನುಷ್ಯರು ಮಾತ್ರ ಇದ್ದಷ್ಟೇ ಇರುತ್ತಾರೆ. ಮಳೆ ಬಂದರೆ ಒದ್ದೆಯಾಗುವ ಹಾಗೆ ಇದು. ಹೀಗೇಕೆಂದು ಯಾರೂ ಕೇಳುವುದಿಲ್ಲ, ಕೊಡೆ ಹುಡುಕುತ್ತಾರೆ. ನಮ್ಮಲ್ಲಿ ಅಂಗಡಿಯವರು ಮಡಚುವ ಒಲೆ ಮಾರುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಮಕ್ಕಳಿಗೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಬರೆಯುವುದನ್ನು ಮೊದಲು ಕಲಿಸಿ, ಅಕ್ಷರವನ್ನು ಆಮೇಲೆ ಕಲಿಸುತ್ತಾರೆ. ಉದ್ದದ ಹುಡುಗರಿಗೆ ಹೆಣ್ಣು ಸಿಗುವುದು ಕಷ್ಟ. "ಹುಡುಗ ಒಳ್ಳೆಯವನೇ, ಆದ್ರೆ ಮಲಗಿಸೋದು ಎಲ್ಲಿ?" ಎಂದು ಹೆಣ್ಣಿನ ಕಡೆಯವರು ಕೇಳುತ್ತಾರೆ.

ನಮ್ಮದು ಆರು ಮನೆಗಳ ಸಾಲು. ಎಲ್ಲರೂ ಬಾಡಿಗೆಯವರೇ. ಕೊನೆಯ ಮನೆ ನಮ್ಮದು. ನಾನು, ನನ್ನ ಯಜಮಾನರು ತಿಪ್ಪೇಶ, ಅವರ ತಾಯಿ, ಏಳು ವರ್ಷದ ಮಗಳು ತಾರಿ. ಸಾಲಿನ ಮಾಲೀಕರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಒಬ್ಬರ ಹೆಸರು ಬಾಯಿಗೆ ಕೂರುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಅವರು ಬರುವುದೂ ಇಲ್ಲ, ಅವರ ಸಕ್ಕರೆ ಬರುತ್ತದೆ.

ಅದು ಊರಿನ ಪದ್ಧತಿ. ಜಾಗ ಕೊಂಡವರು ಅಲ್ಲಿರುವ ಮನೆಮನೆಗೂ ಒಂದೊಂದು ಪೊಟ್ಟಣ ಸಕ್ಕರೆ ಕಳಿಸಬೇಕು. ಅದಕ್ಕೆ ಕುಗ್ಗುಸಕ್ಕರೆ ಎನ್ನುತ್ತಾರೆ. ಪೊಟ್ಟಣ ಕೈಗೆ ಕೊಡುವ ಮೊದಲು ದಲ್ಲಾಳಿಯೇ ಮನೆಯವರೆಲ್ಲರ ಬಾಯಿಗೆ ಒಂದೊಂದು ಚಮಚ ಹಾಕುತ್ತಾನೆ. ಸಕ್ಕರೆ ಬಾಯಲ್ಲಿರುವಾಗ ಮಾತಾಡುವುದು ಅಶುಭ. ಅದು ಕರಗುವ ಹೊತ್ತಿಗೆ ದಲ್ಲಾಳಿ ಮುಂದಿನ ಬೀದಿಯಲ್ಲಿರುತ್ತಾನೆ. ನಮ್ಮ ಸಾಲಿನಲ್ಲಿ ರಾಗಿ ಮುಗಿದದ್ದುಂಟು, ಉಪ್ಪು ಮುಗಿದದ್ದುಂಟು, ಸಕ್ಕರೆ ಮುಗಿದದ್ದು ಮಾತ್ರ ಇಲ್ಲ. ಊರಲ್ಲಿ ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಎರಡು ಮಾಳಿಗೆಯ ಮನೆಯಿದೆ.

ಆ ಬೆಳಿಗ್ಗೆಯೂ ಪಾಲಾಕ್ಷ ಬಂದ. ಊರಿನ ಜಾಗಗಳೆಲ್ಲ ಅವನ ಕೈಯಿಂದಲೇ ಕೈ ಬದಲಾಗುವುದು. ಬಿಳಿ ಅಂಗಿ, ಹಣೆಗೆ ವಿಭೂತಿ, ಸ್ಕೂಟರಿನ ಮುಂದೆ ಸಕ್ಕರೆ ಚೀಲ.

"ಜಲಜಕ್ಕಾರೆ, ಶುಭ ಸಮಾಚಾರ! ನಿಮ್ಮ ಜಾಗದ ರೇಟು ಮತ್ತೆ ಏರೈತೆ."

"ಜಾಗ ನಮ್ದಲ್ವಲ್ಲಪ್ಪಾ" ಎಂದೆ.

"ನಿಮ್ದಲ್ಲ, ಆದ್ರೂ ನೀವು ನಿಂತಿರೋದು ಎಂಥಾ ಬೆಲೆಬಾಳೋ ನೆಲದ ಮೇಲೆ ನೋಡ್ರಿ! ಜಾಗ ಕಮ್ಮಿ ಆದಷ್ಟೂ ಬೆಲೆ ಜಾಸ್ತಿ. ಬಂಗಾರದ ಗುಂಡು ಆಗ್ತಾ ಐತೆ ನಿಮ್ಮನೆ. ಶ್ರಾವಣಕ್ಕೆ ಇನ್ನೊಂದು ಪಾರ್ಟಿ ರೆಡಿ ಐತೆ."

ಹೇಳಲು ನಾಚಿಕೆ, ಆದರೆ ಇಂಥ ಮಾತು ಕೇಳಿದಾಗ ಸಾಲಿನವರಿಗೆಲ್ಲ ಒಂದಿಷ್ಟು ಹೆಮ್ಮೆ ಆಗುತ್ತಿತ್ತು. ಅಡ್ಡಡ್ಡ ನಡೆದು ನಲ್ಲಿಗೆ ಹೋಗುತ್ತ, "ನಮ್ದು ಎಷ್ಟಾತಂತೆ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದೆವು.

ತಾರಿ ನನ್ನ ಸೆರಗು ಹಿಡಿದು ನಿಂತಿದ್ದಳು. "ಪಾಲಾಕ್ಷ ಮಾಮಾ, ನಮ್ಮ ಒರಳು..." ಎಂದು ಬಾಯಿ ತೆರೆದಳು. ಚಮಚ ಒಳಗೆ ಹೋಯಿತು. "ಶ್ರೇಯಸ್ಸಾಗಲಿ" ಎಂದ ಪಾಲಾಕ್ಷ. ಅವಳು ಕಣ್ಣಗಲಿಸಿ, ಕೆನ್ನೆ ಉಬ್ಬಿಸಿ, ಸುಮ್ಮನಾದಳು.

ಒರಳುಕಲ್ಲಿನ ಮಾತು ಇಷ್ಟು. ನಮ್ಮ ಬಾಗಿಲ ಪಕ್ಕದಲ್ಲಿ, ಅಂಗಳದ ಅಂಚಿನಲ್ಲಿ, ನೆಲದಲ್ಲಿ ಹೂತ ಒಂದು ಒರಳುಕಲ್ಲಿತ್ತು. ಅತ್ತೆಯ ಅತ್ತೆ ಹಾಕಿಸಿದ್ದು. ಗುಂಡುಕಲ್ಲು ಬಿದ್ದು ಅದರ ಬಾಯಂಚಿನಲ್ಲಿ ಎಳೆ ಚಂದ್ರನಂಥ ಚಕ್ಕೆ ಎದ್ದಿತ್ತು. ತಾರಿ ನಡೆಯಲು ಕಲಿತದ್ದು ಆ ಚಕ್ಕೆಯಲ್ಲಿ ಬೆರಳು ಸಿಕ್ಕಿಸಿ ಎದ್ದು ನಿಂತು. ಆಮೇಲೂ ಅಲ್ಲಿಯೇ ಕುಕ್ಕರಿಸಿ, ಚಕ್ಕೆಗೆ ಬೆರಳಿಟ್ಟುಕೊಂಡೇ ತಲೆ ಬಾಚಿಸಿಕೊಳ್ಳುತ್ತಿದ್ದಳು. ಹಿಂದಿನ ಮಾರಾಟದಲ್ಲಿ ಹನ್ನೊಂದು ಚುಕ್ಕಿಯ ಅಂಗಳ ಒಂಬತ್ತಕ್ಕೆ ಇಳಿದಾಗ ಆ ಅಂಚಿನ ಜೊತೆ ಒರಳುಕಲ್ಲೂ ಹೋಯಿತು. ನಾವು "ಹೋಯ್ತು" ಎಂದೆವು. ನಮ್ಮೂರಲ್ಲಿ ಅದಕ್ಕಿಂತ ಹೆಚ್ಚಿಗೆ ಹೇಳುವ ವಾಡಿಕೆಯಿಲ್ಲ. ತಾರಿ ಮಾತ್ರ ಏನೋ ಕೇಳಲು ಹೊರಡುತ್ತಿದ್ದಳು. ಪ್ರತಿ ಸಲವೂ ಅವಳ ಬಾಯಿ ತುಂಬುತ್ತಿತ್ತು. ಪಾಲಾಕ್ಷ ಇಲ್ಲದಾಗ ನಾನೇ ಡಬ್ಬಿಯಿಂದ ಒಂದು ಚಿಟಿಕೆ ಹಾಕುತ್ತಿದ್ದೆ. ಮಗು ಕೇಳಿ, ನನಗೆ ಗೊತ್ತಿಲ್ಲದೇ ಹೋದರೆ ಅದರ ಮುಖ ಸಣ್ಣದಾಗುತ್ತದಲ್ಲ ಎಂದು.

ಆ ದಿನ ನನ್ನ ಯಜಮಾನರಿಗೆ ಕೈತುಂಬ ಕೆಲಸ. ಅವರು ಬಡಗಿ. ಅಪ್ಪನಿಂದ ಮಂಚ ಮಾಡುವುದನ್ನು ಕಲಿತರು, ಊರಿನಿಂದ ಮಂಚ ಕೊಯ್ಯುವುದನ್ನು ಕಲಿತರು. ಮಾರಾಟವಾದ ಮಾರನೆಯ ದಿನ ಗರಗಸ ಹೆಗಲಿಗಿಟ್ಟು "ಮಂಚ, ಬೀರು, ಬೆಂಚು ಕೊಯ್ದು ಕೊಡ್ತೀವಿ" ಎಂದು ಕೂಗುತ್ತ ಹೋದರೆ ಸಂಜೆಗೆ ಗರಗಸದ ಹಲ್ಲು ಮೊಂಡಾಗಿರುತ್ತದೆ. ಆದರೆ ಆ ಬೆಳಿಗ್ಗೆ ಮೊದಲು ತಮ್ಮ ತಾಯಿಯ ಮಂಚ ಕೊಯ್ಯಬೇಕಾಯಿತು. ಅತ್ತೆ ಎದ್ದು ಕೂತು, ಮೊಣಕಾಲನ್ನು ಎದೆಗೆ ಅವಚಿಕೊಂಡು, ಮಗ ಕೊಯ್ಯುವುದನ್ನು ನೋಡುತ್ತಿದ್ದರು.

"ಇನ್ನೊಂದು ಸಲಕ್ಕೆ ಇದು ಮಂಚ ಆಗಲ್ಲವ್ವಾ, ಮಣೆ ಆಗ್ತತಿ" ಎಂದರು ಯಜಮಾನರು, ತಲೆಯೆತ್ತದೆ.

"ಹೋಗ್ಲಿ ಬಿಡು" ಎಂದರು ಅತ್ತೆ. "ಸಾಯೋ ಹೊತ್ತಿಗೆ ಒಂದು ಸಲ ಕಾಲು ಚಾಚ್ಕಂಡು ಮಲಗಿದ್ರೆ ಸಾಕಿತ್ತು. ಮಡಚಿಕೊಂಡೇ ಹೋದ್ರೆ ಮ್ಯಾಲಿರೋರು ಏನಂತಾರೋ. ಮೂಟೆ ಬಂತು ಅಂತಾರೆ."

ತಾರಿ ಕಿಲಕಿಲ ನಕ್ಕಳು. ನಾನು ಒಳಗೆ ಹೋಗಿ ಒಲೆ ಒರೆಸಿದೆ. ಕೊಯ್ದ ತುಂಡುಗಳನ್ನು ಯಜಮಾನರು ಎಸೆಯಲಿಲ್ಲ. ಹಿಂದಿನವುಗಳ ಜೊತೆಗೆ ಅಟ್ಟದ ಮೇಲಿಟ್ಟರು. ಯಾಕೆಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಅತ್ತೆಯನ್ನೂ ತಾರಿಯನ್ನೂ ಕರೆದುಕೊಂಡು ಜೋಳ ಬೀಸಿಸಲು ಹೋದೆ. ಊರಲ್ಲಿ ಹಿಟ್ಟಿನ ಗಿರಣಿ ಮೂರಿವೆ, ಆದರೆ ಎಲ್ಲರೂ ಹೋಗುವುದು ರುದ್ರಮ್ಮನ ಗಿರಣಿಗೇ. ಹಿಟ್ಟು ನುಣ್ಣಗೆ ಬರುತ್ತದೆ ಎನ್ನುತ್ತಾರೆ. ನಿಜವಾದ ಕಾರಣ, ಅಲ್ಲಿ ನಿಂತು ಎರಡೂ ಕೈ ಅಗಲಿಸಬಹುದು. ನೀವು ಹೋಗಿ ನೋಡಬೇಕು. ಸರದಿಗೆ ನಿಂತವರು ಚೀಲ ಕೆಳಗಿಟ್ಟು, ಯಾರೂ ನೋಡುತ್ತಿಲ್ಲ ಎಂಬಂತೆ ಒಮ್ಮೆ ಕೈ ಚಾಚಿ ಆಕಳಿಸಿ, ಮತ್ತೆ ಮಡಚಿಕೊಳ್ಳುತ್ತಾರೆ. ಆ ಗಿರಣಿ ಕುಗ್ಗಿದ್ದನ್ನು ಯಾರೂ ಕಂಡಿಲ್ಲ.

ಅತ್ತೆ ಒಳಗೆ ಕಾಲಿಟ್ಟವರೇ ಕೋಲನ್ನು ಗೋಡೆಗೆ ಒರಗಿಸಿದರು. ಹಿಟ್ಟಿನ ಧೂಳು ತುಂಬಿದ ನೆಲದ ಮೇಲೆ, ಎರಡು ಚೀಲಗಳ ನಡುವೆ, ಮೆಲ್ಲಗೆ ಮಲಗಿದರು. ಒಂದು ಕಾಲು ಚಾಚಿದರು. ಸ್ವಲ್ಪ ಕಾದರು, ಗೋಡೆ ಬರುತ್ತದೆಯೋ ಎಂಬಂತೆ. ಬರಲಿಲ್ಲ. ಇನ್ನೊಂದನ್ನೂ ಚಾಚಿದರು. ಹಾಗೇ ನಿದ್ದೆ ಹೋದರು.

ರುದ್ರಮ್ಮ ನೋಡಿ, ಬಂದು, ಮಿಷನ್ನು ನಿಲ್ಲಿಸಿದರು. ಸರದಿಯಲ್ಲಿ ಹತ್ತಾರು ಜನ ಇದ್ದರು. ಒಬ್ಬರೂ "ನಮಗೆ ಹೊತ್ತಾಯ್ತು" ಎನ್ನಲಿಲ್ಲ. ಹಿಟ್ಟಿನ ಮೈಯ ರುದ್ರಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡು ನನ್ನ ಪಕ್ಕದಲ್ಲಿ ನಿಂತರು.

"ಎಷ್ಟು ಸಲ ಮಾರಿದ್ರು ನಿಮ್ಮ ಸಾಲನ್ನ?" ಎಂದು ಪಿಸುಗುಟ್ಟಿದರು.

"ಎಣಿಸೋದು ಬಿಟ್ಟೀವಿ ರುದ್ರಮ್ಮಕ್ಕಾ. ನಿಮ್ಮ ಜಾಗ ಹೆಂಗೆ ಹಿಂಗೇ ಐತೆ?"

"ನಂದಲ್ಲ ಅದಕ್ಕೇ" ಎಂದರು. "ನಮ್ಮ ಮಾವ ಸಾಯೋವಾಗ ಈ ನೆಲಾನ ಸಂಘಕ್ಕೆ ಕೊಟ್ರು. ಸಂಘ ಅಂದ್ರೆ ಊರಿನವರೇ, ಲಾಭ ಹೊಡೆಯೋರು ಯಾರೂ ಇಲ್ಲ. ನೆಲ ಸಂಘದ್ದು, ಗಿರಣಿ ನಂದು. ತೊಂಬತ್ತೊಂಬತ್ತು ವರ್ಷದ ಗುತ್ತಿಗೆ. ಸಣ್ಣ ನೆಲಬಾಡಿಗೆ ಕಟ್ತೀನಿ, ನಂದು ಮುಗಿದ ಮ್ಯಾಲೆ ನನ್ನ ಮಗಳು ಕಟ್ತಾಳೆ. ನನಗೆ ಬ್ಯಾಡಾದ್ರೆ ಗಿರಣೀನ ಇನ್ನೊಬ್ಬರಿಗೆ ಕೊಡಬಹುದು, ನಾನು ಹಾಕಿದ ದುಡ್ಡಿಗೆ ಒಂಚೂರು ಸೇರಿಸಿ. ನೆಲಾನ ಮಾತ್ರ ಮಾರಂಗಿಲ್ಲ. ನಾನೂ ಮಾರಂಗಿಲ್ಲ, ಸಂಘಾನೂ ಮಾರಂಗಿಲ್ಲ. ಮಾರದೇ ಇದ್ರೆ ಅದ್ಯಾಕೆ ಕುಗ್ಗುತ್ತೆ?"

ಅಷ್ಟರಲ್ಲಿ ಅತ್ತೆ ಎದ್ದರು. ಸೀರೆಗೆಲ್ಲ ಹಿಟ್ಟು. ತಮ್ಮ ಪಾದಗಳನ್ನೇ ದೂರದ ನೆಂಟರನ್ನು ನೋಡುವಂತೆ ನೋಡುತ್ತ, "ಜಲಜಾ, ನನ್ನ ಕಾಲು ಇಷ್ಟುದ್ದ ಇದ್ದವಾ?" ಎಂದರು.

ನಾನು ರುದ್ರಮ್ಮನ ಕೈ ಹಿಡಿದುಕೊಂಡೆ. "ನಮ್ಮ ಸಾಲನ್ನೂ ತಗಳ್ರೀ ರುದ್ರಮ್ಮಕ್ಕಾ. ಶ್ರಾವಣದೊಳಗೆ."

ಸಂಘದಲ್ಲಿ ಶಕ್ತಿ ಇಲ್ಲದೇ ಇರಲಿಲ್ಲ. ಗಿರಣಿಗೆ ಬಂದವರೆಲ್ಲ ಹೋಗುವಾಗ ಒಂದು ಬೊಗಸೆ ಹಿಟ್ಟನ್ನು ಬಾಗಿಲ ಬಳಿಯ ದೊಡ್ಡ ಡಬ್ಬಿಗೆ ಹಾಕುತ್ತಿದ್ದರು. ಆ ಹಿಟ್ಟಿನಲ್ಲಿ ಹೆಂಗಸರು ರೊಟ್ಟಿ ಬಡಿದು ಸಂತೆಗೆ ಕಳಿಸುತ್ತಿದ್ದರು. ವರ್ಷಗಟ್ಟಲೆ ಬಡಿದಿದ್ದರು. ಆರು ಮನೆಯ ಸಾಲೊಂದನ್ನು ಕೊಳ್ಳುವಷ್ಟು ರೊಟ್ಟಿ ಆಗಿತ್ತು. ತೊಂದರೆ ಇದ್ದದ್ದು ಬೇರೆ ಕಡೆ. ಯಾರೋ ದಾನ ಕೊಟ್ಟರೆ ನೆಲ ಕುಗ್ಗುವುದಿಲ್ಲ. ಸಂಘ ಕೊಂಡರೆ ಅದೂ ಮಾರಾಟವೇ. ಕೊನೆಯದಾಗಿ ಇನ್ನೊಂದು ಗೇಣು ಹೋಗಿಯೇ ತೀರುತ್ತದೆ. ಆ ಒಂದು ಗೇಣಿನಲ್ಲೇ ಅತ್ತೆಯ ಮಂಚವಿತ್ತು.

"ದಾನ ಕೊಡ್ರಿ ಅಂತ ಮಾಲೀಕರನ್ನ ಕೇಳೋಣೇನು?" ಎಂದೆ.

ರುದ್ರಮ್ಮ ನಕ್ಕ ರಭಸಕ್ಕೆ ಅವರ ರೆಪ್ಪೆಯ ಮೇಲಿನ ಹಿಟ್ಟು ಉದುರಿತು.

ಸಾಲಿನವರ ಸಭೆ ನಮ್ಮ ಓಣಿಯಲ್ಲೇ ಸೇರಿತು. ಓಣಿ ಕಿರಿದಾದ್ದರಿಂದ ಎಲ್ಲರೂ ಒಬ್ಬರ ಬೆನ್ನಿಗೊಬ್ಬರು ನಿಂತೆವು. ಮುಂದಿನವರ ಮಾತು ಹಿಂದಿನವರಿಗೆ ಬಾಯಿಂದ ಬಾಯಿಗೆ ದಾಟಿ ಬರಬೇಕು. ಸಂಘ ಎಂದರೆ ಸಾಕು, ಪಕ್ಕದ ಮನೆಯ ಕೊಟ್ರೇಶಣ್ಣ ಸಿಡಿದರು. ಅವರು ಈರುಳ್ಳಿ ಮಂಡಿಯಲ್ಲಿ ತೂಕ ಹಾಕುವವರು. ಎಲ್ಲದಕ್ಕೂ ತಕ್ಕಡಿ ಹಿಡಿದೇ ಮಾತಾಡುತ್ತಾರೆ.

"ಮಾರಾಕೆ ಆಗದ ಜಾಗ ಅದೆಂಥಾ ಸ್ವಂತ ಜಾಗ? ನಾಳೆ ನಾನು ಸಾಹುಕಾರ ಆದೆ ಅಂತಿಟ್ಕಳ್ರೀ. ಆವಾಗ ನನ್ನ ಜಾಗದ ರೇಟು ಏರಬೇಕೋ ಬ್ಯಾಡವೋ?"

"ಕೊಟ್ರೇಶಪ್ಪಾ, ಈಗ ನಿಂತಿರೋ ಜಾಗ ಯಾರದ್ದು?" ಎಂದರು ರುದ್ರಮ್ಮ.

"ಮಾಲೀಕರದ್ದು."

"ಅದರ ರೇಟು ಏರಿದ್ರೆ ನಿಂಗೆ ಏನು ಬರ್ತತಿ?"

ಕೊಟ್ರೇಶಣ್ಣ ಯೋಚಿಸಿದರು. "ಸಕ್ಕರೆ" ಎಂದರು.

ಓಣಿಯ ತುದಿಯವರೆಗೂ ನಗು ದಾಟಿ ಹೋಗಿ, ಅಲ್ಲಿಂದ "ಏನಂದ? ಏನಂದ?" ಎಂದು ವಾಪಸು ಬಂತು.

"ನಗಬ್ಯಾಡ್ರಿ" ಎಂದರು ಕೊಟ್ರೇಶಣ್ಣ ಕೆಂಪಗಾಗಿ. "ಮನುಷ್ಯ ಅಂದ್ಮ್ಯಾಲೆ ಒಂದು ಆಸೆ ಇರಬೇಕು."

"ಇರ್ಲಿ, ಆಸೆ ಇಟ್ಕ. ಸಾಹುಕಾರ ಆದ ದಿನ ಹೇಳು. ನಿನ್ನ ಮನೇನ ಕೊಟ್ಟು, ಬೇಕಾದ ಕಡೆ ಹೋಗು. ನೆಲ ಇಲ್ಲೇ ಇರ್ತತಿ, ಬಡವ ಆಗಿ ವಾಪಸ್ ಬಂದ್ರೂ ಇರ್ತತಿ."

ನನ್ನ ಯಜಮಾನರು ಎಲ್ಲರ ಹಿಂದೆ ನಿಂತಿದ್ದರು. ಮನೆಗೆ ಬಂದ ಮೇಲೆ ಮುದ್ದೆ ಮುರಿಯುತ್ತ ಮೆಲ್ಲಗೆ ಕೇಳಿದರು. "ಎಲ್ಲಾ ಸಾಲೂ ಹಿಂಗೇ ಸಂಘಕ್ಕೆ ಹೋದ್ರೆ, ಕುಗ್ಗೋದು ನಿಂತ್ರೆ, ನಾನು ಏನು ಕೊಯ್ಲಿ ಜಲಜಾ?"

"ಕೊಯ್ಯೋದು ಸಾಕು, ಜೋಡಿಸ್ರೀ" ಎಂದೆ. "ಅಟ್ಟದ ಮ್ಯಾಲೆ ತುಂಡು ಇಟ್ಟೀರಲ್ಲ, ಯಾತಕ್ಕೆ ಇಟ್ರಿ?"

ಅವರು ಊಟ ಮುಗಿಸಿ, ತಾಯಿಯ ಮಂಚದ ತುದಿಗೆ ಕೂತು, ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಆ ಗೋಡೆಯ ಆಚೆ ಕೊಟ್ರೇಶಣ್ಣನ ಅಡುಗೆಮನೆ. ಮತ್ತೊಮ್ಮೆ ತಟ್ಟಿದರು. ಆಚೆಯಿಂದ ಕೊಟ್ರೇಶಣ್ಣನ ಹೆಂಡತಿ ಹಾಲವ್ವ, "ಯಾರದು, ಒಳಗೆ ಬರ್ರಿ" ಎಂದರು.

"ಬರೋದು ನಾನಲ್ಲ ಹಾಲವ್ವಕ್ಕಾ, ನಮ್ಮವ್ವನ ಕಾಲು" ಎಂದರು ಯಜಮಾನರು.

ಹೀಗೆ ಆ ಉಪಾಯ ಹುಟ್ಟಿತು. ಗೋಡೆಯಲ್ಲಿ, ಮಂಚದ ಮಟ್ಟಕ್ಕೆ, ಒಂದು ಕಿಂಡಿ. ಅತ್ತೆ ನಮ್ಮ ಮನೆಯಲ್ಲಿ ಮಲಗಿದರೆ ಪಾದಗಳು ಕೊಟ್ರೇಶಣ್ಣನ ಅಡುಗೆಮನೆಯಲ್ಲಿರುತ್ತವೆ. ಮಾಲೀಕರಿದ್ದಾಗ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಬೇಕಿತ್ತು. ಸಂಘದ ಮನೆಯಾದರೆ ಗೋಡೆಯ ಎರಡೂ ಬದಿಯವರು ಒಪ್ಪಿದರೆ ಮುಗಿಯಿತು. ಹಾಲವ್ವ ಒಪ್ಪಿದರು. ಕೊಟ್ರೇಶಣ್ಣ ಎರಡು ದಿನ ಸಿಟ್ಟಾಗಿದ್ದು, ಮೂರನೆಯ ದಿನ ಬಂದು, "ಪಾದ ಅಷ್ಟೇ ತಾನೆ? ಮೊಣಕಾಲು ಬರಂಗಿಲ್ಲ" ಎಂದರು. ಅದು ಅವರ ಒಪ್ಪಿಗೆ.

ಉಳಿದದ್ದು ಪಾಲಾಕ್ಷ. ಮಾಲೀಕರ ಪರವಾಗಿ ಮಾತಾಡುವವನು ಅವನೇ. ಮಾಲೀಕರು ಇದ್ದಾರೆಂದು ನಮಗೆ ಗೊತ್ತಾಗುವುದೂ ಅವನಿಂದಲೇ. ರುದ್ರಮ್ಮನೂ ನಾನೂ ಅವನ ಮನೆಗೆ ಹೊರಟೆವು. ತಾರಿಯನ್ನೂ ಕರೆದುಕೊಂಡು ಹೋದೆ. ಶಾಲೆಗೆ ರಜೆ, ಬಿಟ್ಟುಹೋದರೆ ಅಜ್ಜಿಯ ಜೊತೆ ಸೇರಿ ಸಕ್ಕರೆ ಡಬ್ಬಿ ಖಾಲಿ ಮಾಡುತ್ತಾಳೆ.

ಪಾಲಾಕ್ಷನ ಮನೆ ಊರಾಚೆ. ನಾನು ಹಿಂದೆ ಒಮ್ಮೆ, ಮದುವೆಯಾದ ಹೊಸದರಲ್ಲಿ, ಅದನ್ನು ನೋಡಿದ್ದೆ. ಆಗ ಬಾಗಿಲು ತೆರೆದರೆ ರಸ್ತೆ. ಈಗ ಗೇಟಿನಿಂದ ಬಾಗಿಲವರೆಗೆ ನಡೆಯುವಷ್ಟರಲ್ಲಿ ತಾರಿ ಎರಡು ಸಲ ನೀರು ಕೇಳಿದಳು. ಅಷ್ಟು ದೊಡ್ಡ ಅಂಗಳ. ಅದರ ನೆಲವೂ ಒಂದು ಥರ. ಒಂದು ಪಟ್ಟೆ ಕೆಂಪು ಮಣ್ಣು, ಪಕ್ಕದ ಪಟ್ಟೆ ಕಪ್ಪು ಮಣ್ಣು, ಅದರ ಪಕ್ಕ ಸಗಣಿ ಸಾರಿಸಿದ ಪಟ್ಟೆ. ಒಂದು ಕಡೆ ಯಾವ ಮನೆಗೂ ಹೋಗದ ಎರಡು ಮೆಟ್ಟಿಲು. ಒಂದು ಕಡೆ ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಹೂವಿನ ಕುಂಡ. ಅರ್ಧ ಕುಂಟೆಬಿಲ್ಲೆಯ ಗೆರೆ.

"ಎಲ್ಲಾ ಹಳೇ ಕಾಲದ್ದು" ಎಂದ ಪಾಲಾಕ್ಷ, ನಮ್ಮ ಕಣ್ಣು ಹೋದ ಕಡೆ ನೋಡಿ. "ಈಗ ಇಂಥವು ಸಿಗಲ್ಲ. ದೇವರ ದಯೆ, ವರ್ಷ ವರ್ಷ ಗೇಟು ಆಚೆಗೆ ಇಡಬೇಕಾಗ್ತತಿ. ಕೂಲಿಯವರಿಗೆ ಕೊಟ್ಟು ಕೊಟ್ಟು ಸಾಕಾಗೈತೆ."

ಎಲ್ಲಿ ಸಿಕ್ಕವು ಎಂದು ಕೇಳುವುದು ನಮ್ಮೂರಲ್ಲಿ ಮರ್ಯಾದೆಯಲ್ಲ. ನಾವು ಕೂತೆವು. ರುದ್ರಮ್ಮ ವಿಷಯ ಹೇಳಿದರು. ಪಾಲಾಕ್ಷ ಮೊದಲು ನಕ್ಕ, ಆಮೇಲೆ ಬೇಜಾರಾದ. ಅವನ ಬೇಜಾರು ನಿಜವಾದದ್ದು, ಒಬ್ಬ ಅಡುಗೆಯವನಿಗೆ ಯಾರೋ ಬೆಂದ ಅನ್ನವನ್ನು ಹೂಳುತ್ತೇವೆ ಎಂದಂತೆ.

"ಕೊಂಡ್ಕಂಡು ಮತ್ತೆ ಮಾರಲ್ಲ ಅಂತೀರಾ? ಯಾವತ್ತೂ?"

"ಯಾವತ್ತೂ."

"ರೇಟು ಬಂದ್ರೂ?"

"ಬಂದ್ರೂ."

"ಎಷ್ಟು ಬಂದ್ರೆ ಮಾರ್ತೀರಿ, ಅದನ್ನ ಹೇಳಿ."

ರುದ್ರಮ್ಮ ಸುಮ್ಮನಿದ್ದರು. ಪಾಲಾಕ್ಷನಿಗೆ ಆ ಮೌನ ಬಹಳ ಹಿಡಿಸಿತು. ಇಷ್ಟು ಗಟ್ಟಿಯಾಗಿ ಚೌಕಾಸಿ ಮಾಡುವವರನ್ನು ತಾನು ಕಂಡೇ ಇಲ್ಲ ಎಂದ. ನಮ್ಮೂರಿನ ದಲ್ಲಾಳಿಗಳಿಗೆ "ಇಲ್ಲ" ಎಂಬ ಮಾತು ಕೇಳಿಸುವುದಿಲ್ಲ, "ಇನ್ನೂ ಹೆಚ್ಚು" ಎಂದು ಕೇಳಿಸುತ್ತದೆ. "ಸರಿ, ಶ್ರಾವಣದ ಪಾರ್ಟಿಗೆ ಬ್ಯಾಡ ಅಂತೀನಿ, ನಿಮಗೇ ಮಾಡಿಸಿಕೊಡ್ತೀನಿ" ಎಂದ. "ಒಂದು ವರ್ಷ. ಆಮೇಲೆ ನೀವೇ ನನ್ನ ಗೇಟಿಗೆ ಬರ್ತೀರಿ. ಅಷ್ಟೊತ್ತಿಗೆ ಗೇಟು ಇನ್ನೂ ಆಚೆ ಹೋಗಿರ್ತತಿ, ದೂರ ಆಗ್ತತಿ, ಆಟೋ ಮಾಡ್ಕಂಡು ಬರ್ರಿ."

ಏಳುವಾಗ ತಾರಿ ಪಕ್ಕದಲ್ಲಿ ಇರಲಿಲ್ಲ. ಹುಡುಕಿದರೆ ಅಂಗಳದ ಒಂದು ಮೂಲೆಯಲ್ಲಿ, ಕೆಮ್ಮಣ್ಣಿನ ಪಟ್ಟೆಯ ಮೇಲೆ ಕುಕ್ಕರಿಸಿದ್ದಳು. ಮುಂದೆ ಒಂದು ಒರಳುಕಲ್ಲು. ಒಳಗೆ ನೀರು ತುಂಬಿಸಿ ಗುಬ್ಬಿಗಳಿಗೆ ಇಟ್ಟಿದ್ದರು. ತಾರಿಯ ಬೆರಳು ಅದರ ಬಾಯಂಚಿನಲ್ಲಿತ್ತು, ಎಳೆ ಚಂದ್ರನಂಥ ಚಕ್ಕೆಯೊಳಗೆ. ಬೆರಳು ಈಗ ಸ್ವಲ್ಪ ದಪ್ಪವಾಗಿತ್ತು, ಆದರೂ ಕೂತಿತ್ತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಬಾಯಿ ತೆರೆದಳು.

"ಅಯ್ಯೋ ಮಗೂ, ಬರಿಗೈಲಿ ಹೋಗಬಾರ್ದು" ಎಂದು ಪಾಲಾಕ್ಷ ಓಡಿ ಬಂದು ಒಂದು ಚಮಚ ಸಕ್ಕರೆ ಹಾಕಿದ.

ಲೋಕದಲ್ಲಿ ಒರಳುಕಲ್ಲುಗಳು ಬೇಕಾದಷ್ಟಿವೆ, ಚಕ್ಕೆ ಏಳದ ಕಲ್ಲು ಯಾವುದಿದೆ ಎಂದು ನಾನು ನನಗೇ ಹೇಳಿಕೊಂಡೆ. ವ್ಯವಹಾರ ಈಗಷ್ಟೇ ಕುದುರಿತ್ತು. ಅತ್ತೆಯ ಕಾಲು ನನ್ನ ಕಣ್ಣ ಮುಂದಿತ್ತು. ತಾರಿಯ ಕೈ ಹಿಡಿದು ಎಬ್ಬಿಸಿದೆ. ದಾರಿಯುದ್ದಕ್ಕೂ ಅವಳು ಸಕ್ಕರೆಯನ್ನು ನುಂಗದೆ ಕೆನ್ನೆಯಲ್ಲೇ ಇಟ್ಟುಕೊಂಡಿದ್ದಳು. ಮನೆ ಹತ್ತಿರ ಬಂದಾಗ ಬಾಯಲ್ಲಿದ್ದುದನ್ನು ಚರಂಡಿಗೆ ಉಗಿದಳು. ನಮ್ಮೂರಲ್ಲಿ ಯಾವ ಮಗುವೂ ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಬೈಯಬೇಕಿತ್ತು. ಬೈಯಲಿಲ್ಲ, ಬಾಯಿ ಒರೆಸಿದೆ.

ಕೊಳ್ಳುವ ದಿನ ಬಂತು. ರಿಜಿಸ್ಟರ್ ಕಚೇರಿಗೆ ರುದ್ರಮ್ಮ ಹೋದರು. ನಾವು ಮನೆಗಳಲ್ಲೇ ಇದ್ದು ಕಾದೆವು. ಹಿಂದಿನ ಸಂಜೆಯೇ, ಹಳೆಯ ಮಾಲೀಕರ ಅಪ್ಪಣೆಗೆ ಕಾಯದೆ, ಯಜಮಾನರು ಗೋಡೆಗೆ ಕಿಂಡಿ ಕೊರೆದು, ಮಂಚದ ಹಳೆಯ ತುಂಡುಗಳಲ್ಲೇ ಚೌಕಟ್ಟು ಮಾಡಿ, ಪುಟ್ಟ ಕದವನ್ನೂ ಕೂರಿಸಿದ್ದರು. ಕದಕ್ಕೆ ಒಂದು ಚಿಲಕ. "ಚಿಲಕ ಯಾವ ಕಡೆಗೆ?" ಎಂಬುದರ ಮೇಲೆ ಅವರಿಗೂ ಕೊಟ್ರೇಶಣ್ಣನಿಗೂ ಅರ್ಧ ಗಂಟೆ ಜಗಳವಾಗಿ, ಎರಡೂ ಕಡೆ ಹಾಕಿದರು.

ನಡು ಮಧ್ಯಾಹ್ನ ಅತ್ತೆ ಮಂಚದ ಮೇಲೆ ಮಲಗಿದ್ದರು. ನಾನು ಹಿಟ್ಟು ನಾದುತ್ತಿದ್ದೆ. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಕಾಲ ಕೆಳಗಿನ ನೆಲ ಒಂದು ಉಸಿರು ಒಳಗೆಳೆದುಕೊಂಡಂತಾಯಿತು. ಗೋಡೆ ಬಂತು. ಬಂದು, ಅತ್ತೆಯ ಕಾಲಿಗೆ ತಾಗಬೇಕಾದ ಕಡೆ ಕಿಂಡಿಯಿತ್ತು.

"ಬಂತು! ಬಂತು!" ಎಂದು ಆಚೆಯಿಂದ ಹಾಲವ್ವ ಕೂಗಿದರು. "ಕಾಲು ಬಂತು ಕಣ್ರೀ! ಎರಡೂ ಬಂದ್ವು!"

"ಮೊಣಕಾಲು ಬಂದವೇನು ನೋಡು" ಎಂಬ ಕೊಟ್ರೇಶಣ್ಣನ ದನಿ.

"ಬರೀ ಪಾದ. ಅಯ್ಯ, ಎಷ್ಟು ತಣ್ಣಗವೆ ಅಜ್ಜೀ ನಿಮ್ಮ ಪಾದ! ಇರ್ರಿ, ಒಲೆ ಹತ್ರ ಅವೆ, ಈಗ ಬೆಚ್ಚಗಾಗ್ತವೆ."

ಅತ್ತೆ, ತಲೆ ನಮ್ಮ ಮನೆಯಲ್ಲಿ, ಪಾದ ಪಕ್ಕದ ಮನೆಯಲ್ಲಿ, ಕಣ್ಣು ಮುಚ್ಚಿ, ಉದ್ದಕ್ಕೆ ಮಲಗಿದ್ದರು. ಕಣ್ಣಂಚಿನಿಂದ ಒಂದು ಹನಿ ಕಿವಿಯ ಕಡೆಗೆ ಇಳಿಯಿತು. ಯಜಮಾನರು ಗರಗಸವನ್ನು ಎತ್ತಿ ಅಟ್ಟದ ಮೇಲೆ, ತುಂಡುಗಳಿದ್ದ ಜಾಗದಲ್ಲಿ ಇಟ್ಟರು.

ನಾನು ಬಾಗಿಲಿಗೆ ಬಂದು ನೋಡಿದೆ. ಅಂಗಳದಲ್ಲಿ ಇನ್ನು ಐದೇ ಚುಕ್ಕಿ ಹಿಡಿಸುತ್ತವೆ. ಐದು ಚುಕ್ಕಿಗೂ ರಂಗೋಲಿ ಇದೆ. ಸಣ್ಣದು, ಒಂದು ಹೂವು. ನಾಳೆಯೂ ಅದೇ ಹೂವು, ನಾಡಿದ್ದೂ ಅದೇ ಹೂವು, ತಾರಿ ಮುದುಕಿಯಾದಾಗಲೂ ಅದೇ. ಅದನ್ನು ಯೋಚಿಸಿದರೆ ತಲೆ ಸುತ್ತಿದಂತಾಗಿ ಬಾಗಿಲು ಹಿಡಿದುಕೊಂಡೆ.

ಸಂಜೆ ರುದ್ರಮ್ಮ ಬಂದರು. ಹಿಂದೆಯೇ ಪಾಲಾಕ್ಷನ ಸ್ಕೂಟರು. ಪದ್ಧತಿಯ ಪ್ರಕಾರ ಕೊಂಡವರು ಸಕ್ಕರೆ ಕೊಡಬೇಕು. ಕೊಂಡದ್ದು ಸಂಘ, ಸಂಘದಲ್ಲಿ ಈಗ ನಾವೂ ಇದ್ದೇವೆ. ಯಾರು ಯಾರಿಗೆ ಕೊಡಬೇಕು? ಸಾಲಿನವರೆಲ್ಲ ಓಣಿಗಿಳಿದು ಇದನ್ನೇ ಚರ್ಚಿಸಿದೆವು. ಕೊಟ್ರೇಶಣ್ಣ, "ನಮಗೆ ನಾವೇ ಕೊಟ್ಕಂಡ್ರೆ ತೂಕ ಸರಿ ಹೋಗ್ತತಿ" ಎಂದರು. ರುದ್ರಮ್ಮ, "ಕುಗ್ಗೋದೇ ಮುಗೀತು, ಇನ್ನೆಂಥಾ ಸಕ್ಕರೆ" ಎಂದರು.

"ಬ್ಯಾಡ, ಬ್ಯಾಡ" ಎಂದ ಪಾಲಾಕ್ಷ ಕೈ ಎತ್ತಿ. "ಸಕ್ಕರೆ ಇಲ್ಲದ ಮಾರಾಟ ಮಾರಾಟವೇ ಅಲ್ಲ. ನಿಮಗೆ ಆಗದಿದ್ರೆ ನನ್ನ ಲೆಕ್ಕದಾಗೆ ಇರ್ಲಿ. ಒಂದು ವರ್ಷ ಆದ್ಮ್ಯಾಲೆ ಹೆಂಗೂ ಬರ್ತೀರಲ್ಲ."

ಅವನು ಚಮಚ ಹಿಡಿದು ಮೊದಲ ಮನೆಯಿಂದ ಶುರು ಮಾಡಿದ. ನಮ್ಮವರು ರೂಢಿಯಂತೆ ಬಾಯಿ ತೆರೆದರು. ಇಷ್ಟು ವರ್ಷದ ಅಭ್ಯಾಸ, ಚಮಚ ಕಂಡರೆ ಬಾಯಿ ತಾನೇ ತೆರೆಯುತ್ತದೆ. ಕೊಟ್ರೇಶಣ್ಣ ಕೂಡ ತೆರೆದರು. ನಾನೂ ತೆರೆದೆ, ನನ್ನ ಬಾಯಿಯೂ ತುಂಬಿತು. ಓಣಿಯಲ್ಲಿ ಮಾತು ನಿಂತಿತು. ಕರಗುವ ಸದ್ದೂ ಕೇಳುವಷ್ಟು ಮೌನ.

ಕೊನೆಗೆ ತಾರಿ. ಪಾಲಾಕ್ಷ ಬಾಗಿ, "ಆ ಅನ್ನು, ಬಂಗಾರಿ" ಎಂದ.

ತಾರಿ ತುಟಿ ಬಿಗಿದುಕೊಂಡಳು. ಅವನು ಚಮಚವನ್ನು ತುಟಿಗೆ ತಾಗಿಸಿದ. ಅವಳು ತಲೆ ಆಡಿಸಿದಳು. ಸಕ್ಕರೆ ಚೆಲ್ಲಿ ಅವನ ಚಪ್ಪಲಿಯ ಮೇಲೆ ಬಿತ್ತು. ಹಿಂದೆ ಯಾರೋ ಉಸಿರೆಳೆದುಕೊಂಡರು. ಅವನು ನನ್ನ ಕಡೆ ನೋಡಿದ, ಎಲ್ಲ ತಾಯಂ‌ದಿರೂ ಮಾಡುವಂತೆ ನಾನೂ ಅವಳ ಗಲ್ಲ ಹಿಡಿದು ಬಾಯಿ ತೆರೆಸುತ್ತೇನೆಂದು. ನನ್ನ ಕೈ ಮೇಲೆದ್ದಿತು. ಅದು ಹೋಗಿ ಅವಳ ತಲೆಯ ಮೇಲೆ ಕೂತಿತು. ಬೆಳಿಗ್ಗೆ ನಾನೇ ಹೆಣೆದ ಜಡೆ, ಇನ್ನೂ ಬಿಗಿಯಾಗಿತ್ತು.

ಅವಳು ಒಮ್ಮೆ ನನ್ನ ಕಡೆ ತಿರುಗಿ, ಬಾಯಿ ಒರೆಸಿಕೊಂಡು, ಓಣಿಯ ಆ ತುದಿಯವರೆಗೆ ಕೇಳುವಂತೆ ಕೇಳಿದಳು.

"ಪಾಲಾಕ್ಷ ಮಾಮಾ, ನಮ್ಮ ಒರಳುಕಲ್ಲು ನಿಮ್ಮನೆ ಅಂಗಳಕ್ಕೆ ಹೆಂಗೆ ಬಂತು?"